ಟೈಟಲ್ ಇದ್ದವರು ಎದ್ದು ನಿಲ್ಲಿ

ಬೈನಾಳ ಗಂಡ ಕ್ವಾಶ್‌ನ ಟೈಟಲ್ ಟೂಮರ್ ಎಂಬುದು ಗುಡಿಸಲು ಸಾಲಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ದೊಡ್ಡ ಮನೆಯ ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ದ್ವೀಪದಲ್ಲಿ ಮನೆತನದ ಹೆಸರಿಗೆ ಟೈಟಲ್ ಅನ್ನುತ್ತಿದ್ದರು. ಧಣಿಗಳ ಪ್ರಕಾರ ಗುಲಾಮರಾದ ನಮಗೆ ಮನೆತನವೇ ಇರಲಿಲ್ಲ. ಅವರು ಕ್ವಾಶ್ ಅಂದರೆ ಕ್ವಾಶ್, ಬೈನಾ ಅಂದರೆ ಬೈನಾ. ಇಬ್ಬರು ಕ್ವಾಶ್ ಇದ್ದರೆ ಒಬ್ಬ ದೊಡ್ಡ ಕ್ವಾಶ್, ಇನ್ನೊಬ್ಬ ಕುಂಟ ಕ್ವಾಶ್. ದನಕರುಗಳಿಗೆ ಇಟ್ಟ ಹಾಗೆ. ಟೈಟಲ್ ನಮ್ಮನಮ್ಮೊಳಗಿನ ಮಾತು. ಅದು ಧಣಿಯ ಕಿವಿಗೆ ಬಿದ್ದರೆ ಅದನ್ನೂ ತನ್ನದು ಅಂದುಬಿಡುತ್ತಾನೆ ಎಂದು ಎಲ್ಲರೂ ಹೆದರುತ್ತಿದ್ದರು. ಮಕ್ಕಳಿಗೆ ಕೂಡ ಬಾಯಿ ಬಿಗಿಹಿಡಿಯುವ ಬುದ್ಧಿ ಬರುವ ತನಕ ಹೇಳುತ್ತಿರಲಿಲ್ಲ. ಏಳೆಂಟು ವರ್ಷವಾದ ಮೇಲೆ ಅಪ್ಪನಾದವನು ಮಗುವನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ, ಕಿವಿಯಲ್ಲಿ ಹೇಳಿ, ಅದರ ಬಾಯಲ್ಲಿ ಮತ್ತೆ ಹೇಳಿಸಿ, ಆಮೇಲೆ ಬಾಯಿಯ ಮೇಲೆ ಬೆರಳಿಟ್ಟು ಮನೆಗೆ ಕರೆತರುತ್ತಿದ್ದ.

ಬೈನಾಳ ಮಗನ ಹೆಸರು ಜುಲೈ. ಅವನಿಗೆ ಆ ವಯಸ್ಸು ಈ ದ್ವೀಪದಲ್ಲಿ ಬರಲೇ ಇಲ್ಲ. ಅವನಿಗೆ ಮೂರು ವರ್ಷವಾಗಿದ್ದಾಗ ಲಾಕ್‌ವುಡ್ ಧಣಿಯ ಮಗಳ ಮದುವೆಯಾಯಿತು. ಹುಡುಗ ದೂರದ ಅಲಬಾಮದ ಕಡೆಯವನು. ಮಗಳಿಗೆ ಬೆಳ್ಳಿ ತಟ್ಟೆ, ಮಂಚ, ಪಿಯಾನೋ ಜೊತೆಗೆ ಗುಡಿಸಲು ಸಾಲಿನಿಂದ ಮೂರು ಗಂಡು ಮಕ್ಕಳನ್ನೂ ಬಳುವಳಿ ಕೊಟ್ಟರು. ಒಂದು ಬೈನಾಳದು, ಒಂದು ಹೇಗರಳದು, ಒಂದು ಮಿಂಡಾಳದು. ಚಿಕ್ಕವರಾದರೆ ಹೊಸ ಮನೆಗೆ ಬೇಗ ಒಗ್ಗಿಕೊಳ್ಳುತ್ತಾರಂತೆ. ದೋಣಿ ಹೊರಟಾಗ ಮೂವರು ತಾಯಂದಿರನ್ನೂ ಹತ್ತಿ ಕಣಜದಲ್ಲಿ ಕೂಡಿಹಾಕಿದ್ದರು, ಮದುವೆಯ ದಿನ ಅಳುವ ಸದ್ದು ಕೇಳಬಾರದೆಂದು. ಬೈನಾಳಿಗೆ ಆಮೇಲೆ ಮತ್ತೆ ಮಕ್ಕಳಾಗಲಿಲ್ಲ.

"ಅವನಿಗೆ ನಿನ್ನ ಟೈಟಲ್ ಗೊತ್ತಿಲ್ವಲ್ಲಯ್ಯಾ" ಎಂದು ಆಕೆ ಗಂಡನ ಮುಂದೆ ಎಷ್ಟು ಸಲ ಅಂದಳೋ. "ದೊಡ್ಡೋನಾದ್ರೆ ಏನಂತ ಕೇಳ್ಕೊಂಡ್ ಬರ್ತಾನೆ?"

"ಈ ಜಾಗ ನೆನಪಿರುತ್ತೆ. ಕಡಲು ನೆನಪಿರುತ್ತೆ" ಎನ್ನುತ್ತಿದ್ದ ಕ್ವಾಶ್.

ಬೈನಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು. ಮಗನ ಹತ್ತಿರ ಹೆಸರಿಲ್ಲ, ಜಾಗ ಒಂದೇ ಇದೆ. ಹಾಗಾದರೆ ತಾನು ಜಾಗ ಬಿಟ್ಟು ಕದಲಬಾರದು. ಅವನು ಬಂದು ದೋಣಿಕಟ್ಟೆಯಲ್ಲಿ ಇಳಿದರೆ ಅವ್ವ ಕಣ್ಣಿಗೆ ಕಾಣಬೇಕು. ಆಕೆಯ ಬದುಕಿನ ಉಳಿದ ಕತೆಯೆಲ್ಲ ಇಷ್ಟೇ, ಕದಲದೆ ಇರಲು ಆಕೆ ಪಟ್ಟ ಪಾಡು.

ಆಮೇಲೆ ಉತ್ತರದವರಿಗೂ ನಮ್ಮ ದಕ್ಷಿಣದ ಧಣಿಗಳಿಗೂ ಯುದ್ಧ ಬಂತು. ಉತ್ತರದವರ ಹಡಗುಗಳು ಕಡಲಲ್ಲಿ ಫಿರಂಗಿ ಹಾರಿಸಿದ ದಿನ ನಮ್ಮ ಕಡೆಯ ಧಣಿಗಳು ಊಟದ ತಟ್ಟೆಯನ್ನೂ ಎತ್ತದೆ ಓಡಿದರು. ಲಾಕ್‌ವುಡ್ ಧಣಿ ದೋಣಿ ಹತ್ತುತ್ತ, "ಎಲ್ಲರೂ ಬನ್ನಿ, ಉತ್ತರದವರು ನಿಮ್ಮನ್ನ ಹಿಡಿದು ಕ್ಯೂಬಾಕ್ಕೆ ಮಾರ್ತಾರೆ!" ಎಂದು ಕೂಗಿದ್ದ. "ನೀವು ಮುಂದೆ ನಡೀರಿ ಧಣಿ, ನಾವು ಹಿಂದೇನೇ ಬಂದ್ವಿ" ಎಂದು ಹೇಗರ್ ಕೈಬೀಸಿ, ದೋಣಿ ಕಣ್ಮರೆಯಾದ ಮೇಲೆ ಹೋಗಿ ಅವನ ಕುರ್ಚಿಯಲ್ಲಿ ಕೂತು ಅವನ ಕೋಳಿ ತಿಂದಳು. ಮಾರುವ ಮಾತು ಅವನ ಬಾಯಲ್ಲಿ ಬಂತಲ್ಲ, ಅದಕ್ಕೇ ನಮ್ಮವರಿಗೆ ನಗು.

ಸಾವಿರದ ಎಂಟುನೂರ ಅರವತ್ತೈದನೆಯ ಇಸವಿಯ ಜನವರಿಯಲ್ಲಿ ಉತ್ತರದವರ ಸೇನಾಪತಿಯ ಆಜ್ಞೆ ಬಂತು. ಕಡಲ ದ್ವೀಪಗಳೆಲ್ಲ ಕರಿಯರಿಗೆ. ಒಂದೊಂದು ಸಂಸಾರಕ್ಕೆ ನಲವತ್ತು ಎಕರೆಯವರೆಗೆ ನೆಲ. ಹೊರಗಿನವರು ಇದನ್ನು ಕೇಳಿದರೆ ನಾವು ಕುಣಿದಾಡಿರಬೇಕು ಅಂದುಕೊಳ್ಳುತ್ತಾರೆ. ಕುಣಿಯಲಿಲ್ಲ. ಕ್ವಾಶ್ ಮಾಡಿದ ಮೊದಲ ಕೆಲಸ ದೋಣಿಕಟ್ಟೆಗೆ ಹತ್ತಿರದ ತುಂಡನ್ನು ಆರಿಸಿಕೊಂಡು ಅದರ ಉದ್ದಗಲ ನಡೆದದ್ದು. ಬೈನಾ ಹಿಂದೆ ಹಿಂದೆ ನಡೆದಳು. ಹುಟ್ಟಿದಾಗಿನಿಂದ ಅದೇ ಮಣ್ಣಲ್ಲಿ ಬಗ್ಗಿದವಳು, ಅವತ್ತು ನೆಟ್ಟಗೆ ನಡೆಯಲು ಬಾರದವಳಂತೆ ಎಡವುತ್ತಿದ್ದಳು.

"ಹತ್ತಿ ಹಾಕಲ್ಲ ಕಣಯ್ಯಾ" ಅಂದಳು.

"ಹತ್ತಿ ಹೆಸರೆತ್ತಿದ್ರೆ ಒದೀತೀನಿ."

ಮುಸುಕಿನ ಜೋಳ ಹಾಕಿದರು, ಗೆಣಸು ಹಾಕಿದರು, ಕಡಲೆಕಾಯಿ, ಬೆಂಡೆ, ತಗ್ಗಿನಲ್ಲಿ ಒಂದಿಷ್ಟು ಭತ್ತ. ಜೌಗಿನ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ತಂದು ಗೊಬ್ಬರಕ್ಕೆ ಹರಡಿದರು. ಮೊದಲೆಲ್ಲ ಮೇಸ್ತ್ರಿ ಅಳೆದುಕೊಟ್ಟ ದಿನದ ಕೆಲಸದ ಪಾಲು ಮುಗಿದ ಕೂಡಲೇ ಗುದ್ದಲಿ ಬಿಸಾಕಿ ಹೋಗುತ್ತಿದ್ದ ಕ್ವಾಶ್ ಈಗ ಕತ್ತಲಾದರೂ ಹೊಲ ಬಿಡುತ್ತಿರಲಿಲ್ಲ. ಬೈನಾ ಗುಡಿಸಲಿನ ಬಾಗಿಲನ್ನು ಕೀಳಿಸಿ ನೀರಿನ ಕಡೆಗೆ ಇಡಿಸಿದಳು. ಮಿಂಡಾ ಬಂದು ನೋಡಿ, "ಗಾಳಿ ನೇರ ಒಲೆಗೇ ಹೊಡಿಯುತ್ತಲ್ಲೇ, ಗಂಜಿ ಹೆಂಗೆ ಬೇಯಿಸ್ತೀಯ?" ಅಂದಳು. "ಹಸೀದೇ ಕುಡೀತೀನಿ" ಎಂದಳು ಬೈನಾ. ಮಿಂಡಾ ನಗಲಿಲ್ಲ. ಆಮೇಲೆ ಅವಳೂ ತನ್ನ ಬಾಗಿಲನ್ನು ತಿರುಗಿಸಿದಳು.

ಶಾಲೆ ನಡೆಸಲು ಉತ್ತರದಿಂದ ಬಂದಿದ್ದ ಹೆಂಗಸೊಬ್ಬಳು ಈ ಮೂವರು ತಾಯಂದಿರ ಪರವಾಗಿ ಅಲಬಾಮಕ್ಕೆ ಬರೆದು ವಿಚಾರಿಸಿದಳು. ಧಣಿಯ ಅಳಿಯ ಯುದ್ಧದಲ್ಲಿ ಸತ್ತಿದ್ದ, ಅದಕ್ಕೂ ಮುಂಚೆಯೇ ತೋಟ ಮುಳುಗಿ ಆಳುಗಳನ್ನೆಲ್ಲ ಹರಾಜು ಹಾಕಿದ್ದರು. ಯಾರು ಎಲ್ಲಿಗೆ ಹೋದರೋ ತಿಳಿಯದು ಎಂದು ಉತ್ತರ ಬಂತು. ಹೇಗರ್ ನೆಲಕ್ಕೆ ಬಿದ್ದು ಹೊರಳಾಡಿದಳು. ಬೈನಾ ಅಳಲಿಲ್ಲ. "ಹಂಗಾದ್ರೆ ಅವನೇ ಬರ್ಬೇಕು" ಎಂದಳು ಅಷ್ಟೆ.

ಏಪ್ರಿಲ್‌ನಲ್ಲಿ ನಮ್ಮನ್ನು ಬಿಡುಗಡೆ ಮಾಡಿದ ಅಧ್ಯಕ್ಷರನ್ನು ನಾಟಕಶಾಲೆಯಲ್ಲಿ ಗುಂಡಿಟ್ಟು ಕೊಂದರು. ಪ್ರಾರ್ಥನೆಯ ಗುಡಿಸಲಿನಲ್ಲಿ ನಮ್ಮವರು ಸುತ್ತುಗಟ್ಟಿ ಹೆಜ್ಜೆ ಹಾಕುತ್ತ ಬೆಳಗಾಗುವ ತನಕ ಹಾಡಿ ಅತ್ತರು. ಅತ್ತದ್ದು ಸಾಲದಾಗಿತ್ತು ಎಂದು ಆಮೇಲೆ ತಿಳಿಯಿತು. ಆ ಕುರ್ಚಿಗೆ ಬಂದ ಮನುಷ್ಯನಿಗೆ ಓಡಿಹೋದ ಧಣಿಗಳನ್ನು ಕಂಡರೆ ಕರುಳು ಮಿಡಿಯುತ್ತಿತ್ತು. ಇನ್ನು ಸರ್ಕಾರಕ್ಕೆ ನಿಷ್ಠರಾಗಿರುತ್ತೇವೆಂದು ಪ್ರಮಾಣವಚನ ಹೇಳಿದವರಿಗೆಲ್ಲ ಕ್ಷಮೆ, ಕ್ಷಮೆಯ ಜೊತೆಗೆ ನೆಲವೂ ವಾಪಸ್ಸು. ಒಬ್ಬ ಮನುಷ್ಯ ಸತ್ತು ಇನ್ನೊಬ್ಬ ಕೂತದ್ದಕ್ಕೆ ನೂರಾರು ಮೈಲಿ ದೂರದಲ್ಲಿ ಬೈನಾಳ ಗೆಣಸಿನ ಪಾತಿ ಅಲ್ಲಾಡಿತು. ಚರಿತ್ರೆಯ ತಿರುವು ಎಂದು ದೊಡ್ಡವರು ಬರೆಯುವುದು ಇದನ್ನೇ ಇರಬೇಕು. ತಿರುಗಿದ್ದು ಅವರು, ತಲೆ ಸುತ್ತಿ ಬಿದ್ದದ್ದು ನಾವು.

ಅಕ್ಟೋಬರ್‌ನಲ್ಲಿ ಸರ್ಕಾರದ ಕಡೆಯಿಂದ ಒಬ್ಬ ಕ್ಯಾಪ್ಟನ್ ಬಂದ. ಬಿಳಿಯರ ಹಳೆಯ ಚರ್ಚಿನಲ್ಲಿ ಸಭೆ. ಬೆಂಚುಗಳು ತುಂಬಿ, ಕಿಟಕಿಗಳಲ್ಲೂ ಜನ ಹತ್ತಿ ಕೂತರು. ಕ್ಯಾಪ್ಟನ್ನಿನ ಪಕ್ಕದಲ್ಲಿ ಗುಮಾಸ್ತ; ಆಚೆ ಕುರ್ಚಿಯಲ್ಲಿ, ನಾಲ್ಕು ವರ್ಷದಲ್ಲಿ ಹತ್ತು ವರ್ಷ ಮುಪ್ಪಾದ ಲಾಕ್‌ವುಡ್ ಧಣಿ. ಅವನನ್ನು ನೋಡಿದ್ದೇ ಒಳಗೆ ಗುಜುಗುಜು ನಿಂತುಹೋಯಿತು. ಹಳೆಯ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಕ್ಯಾಪ್ಟನ್ ಕೆಟ್ಟವನಲ್ಲ. ಮುಖ ಬೆವರುತ್ತಿತ್ತು, ಮಾತು ಮಾತಿಗೂ ಕೆಮ್ಮುತ್ತಿದ್ದ, ಕಡಲ ನೀರಿನ ಇಳಿತ ಶುರುವಾಗುವ ಮುಂಚೆ ದೋಣಿ ಹಿಡಿಯಬೇಕೆಂದು ಆಗಾಗ ಕಿಟಕಿಯಾಚೆ ನೋಡುತ್ತಿದ್ದ. "ನಿಮ್ಮ ಹಳೆಯ ಮಾಲೀಕರನ್ನು ಅಧ್ಯಕ್ಷರು ಕ್ಷಮಿಸಿದ್ದಾರೆ. ನೀವೂ ಕ್ರೈಸ್ತರಲ್ಲವೇ? ನೀವೂ ಕ್ಷಮಿಸಬೇಕು" ಎಂದ.

ಹೇಗರ್ ಎದ್ದಳು. "ಕ್ಷಮಿಸ್ತೀವಿ ಬಿಡಿ ಸ್ವಾಮಿ, ಅದಕ್ಕೇನು ಖರ್ಚಾ? ಆದ್ರೆ ಕ್ಷಮಿಸಿದೋರೇ ಮನೆ ಬಿಟ್ಟು ಹೋಗ್ಬೇಕು ಅಂತ ಯಾವ ಬೈಬಲ್‌ನಾಗೆ ಐತೆ, ತೋರಿಸಿ."

ಚರ್ಚು ನಕ್ಕಿತು. ಕ್ಯಾಪ್ಟನ್ ಹಣೆ ಒರೆಸಿಕೊಂಡು, ಇನ್ನು ಸುತ್ತು ಮಾತು ಬೇಡವೆಂಬಂತೆ ದನಿ ಎತ್ತಿದ. "ನೋಡಿ, ಕಾನೂನು ಒಂದೇ ಮಾತು ಕೇಳುತ್ತದೆ. ಟೈಟಲ್ ಯಾರಿಗಿದೆಯೋ ನೆಲ ಅವರದು. ನಿಮ್ಮಲ್ಲಿ ಯಾರಿಗಾದರೂ ಟೈಟಲ್ ಇದೆಯೇ? ಟೈಟಲ್ ಇದ್ದವರು ಎದ್ದು ನಿಲ್ಲಿ."

ಕೋರ್ಟಿನ ಭಾಷೆಯಲ್ಲಿ ಟೈಟಲ್ ಎಂದರೆ ನೆಲದ ಒಡೆತನ. ಅದು ನಮ್ಮವರಿಗೆ ಗೊತ್ತಿರಲಿಲ್ಲ. ಒಡೆತನ ಎಂಬುದೇ ಇಲ್ಲದವರಿಗೆ ಅದರ ಹೆಸರು ಯಾರು ಕಲಿಸುತ್ತಾರೆ? ಅವರಿಗೆ ಗೊತ್ತಿದ್ದ ಟೈಟಲ್ ಒಂದೇ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾನೂನು ಕೇಳುತ್ತಿರುವುದು ಇಷ್ಟೇನಾ? ಇಷ್ಟು ಹೇಳಿದರೆ ನೆಲ ನಮ್ಮದಾ?

ಬೈನಾ ಗಂಡನ ಪಕ್ಕೆಗೆ ತಿವಿದಳು. "ಏಳಯ್ಯಾ."

"ಧಣಿ ಕೂತವ್ನೆ ಕಣೇ. ಅವನ ಮುಂದೆ ಹೇಳ್ಲಾ?"

"ಕೂತಿದ್ರೇ ಒಳ್ಳೇದು. ಕೇಳಿಸ್ಕೊಳ್ಳಿ."

"ನಮ್ಮಪ್ಪ ಸಾಯೋವಾಗ್ಲೂ ಕಿವೀಲಿ ಹೇಳಿದ್ದು ಅದೊಂದೇ. ಬಿಳಿಯರ ಮುಂದೆ ಬಾಯಿ ಬಿಡ್ಬೇಡ ಅಂತ."

"ನಿಮ್ಮಪ್ಪನ್ನ ಯಾರಾದ್ರೂ ನೆಲ ಕೊಡ್ತೀವಿ ಏಳು ಅಂತ ಕೇಳಿದ್ರಾ? ನೆಲ ಹೋದ್ರೆ ಜುಲೈ ಎಲ್ಲಿಗೆ ಬರ್ಬೇಕು, ಹೇಳು. ನಿನ್ನ ಕಾಲು ಹಿಡೀತೀನಿ, ಏಳು."

ಕ್ವಾಶ್ ಎದ್ದ. ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಆಮೇಲೆ, "ಟೂಮರ್" ಎಂದ. "ನನ್ನ ಟೈಟಲ್ಲು ಟೂಮರ್ ಸ್ವಾಮಿ. ನಮ್ಮಪ್ಪಂದೂ ಅದೇ. ಅವರಪ್ಪಂದೂ ಅದೇ."

ಆಮೇಲೆ ತಡೆಯುವವರೇ ಇರಲಿಲ್ಲ. ವಿಗ್‌ಫಾಲ್, ಸಿಮನ್ಸ್, ಬ್ಲೇಕ್, ಗ್ರೀನ್ ಎಂದು ಬೆಂಚು ಬೆಂಚಿನಿಂದ ಎದ್ದು ನಿಂತು ಕೂಗಿದರು. ಏಳಲಾಗದ ಒಬ್ಬ ಮುದುಕನನ್ನು ಮೊಮ್ಮಕ್ಕಳು ಕಂಕುಳಿಗೆ ಕೈಕೊಟ್ಟು ಎತ್ತಿದರು. ಅವನ ಟೈಟಲ್ಲನ್ನು ಅವನ ಮೊಮ್ಮಕ್ಕಳೂ ಗಟ್ಟಿ ದನಿಯಲ್ಲಿ ಕೇಳಿದ್ದು ಆ ಹೊತ್ತೇ ಮೊದಲ ಸಲ. ಹೆಂಗಸರು ತಲೆವಸ್ತ್ರ ಬಿಚ್ಚಿ ಕಣ್ಣೊರೆಸಿಕೊಂಡರು. ಒಂದು ಸೂರಿನ ಕೆಳಗೆ ಅಷ್ಟು ಹೆಸರು ಒಟ್ಟಿಗೆ ಎಂದೂ ಕೇಳಿರಲಿಲ್ಲ. ಬೈನಾ ಒಂದೊಂದು ಹೆಸರನ್ನೂ ತಾನೂ ಬಾಯಲ್ಲಿ ಹೇಳಿಕೊಂಡಳು. ಇಡೀ ಬದುಕಿನಲ್ಲಿ ಅಷ್ಟು ಸಂತೋಷ ಆಕೆಗೆ ಅದೊಂದೇ ಸಲ ಆದದ್ದು.

ಕ್ಯಾಪ್ಟನ್ ಪಿಳಿಪಿಳಿ ನೋಡುತ್ತ ನಿಂತ. ಅವನಿಗೆ ತಲೆಬುಡ ತಿಳಿಯಲಿಲ್ಲ. ಲಾಕ್‌ವುಡ್‌ಗೆ ತಿಳಿಯಿತು. ಅವನು ನಮ್ಮವರ ಮೊಲೆಹಾಲು ಕುಡಿದು, ನಮ್ಮವರ ಭಾಷೆಯಲ್ಲೇ ಮಾತು ಕಲಿತವನು. ಮೀಸೆಯಡಿ ನಕ್ಕು, ಬಗ್ಗಿ ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿದ. ಗುಮಾಸ್ತ ಒಂದು ಉದ್ದ ಕಾಗದ ತೆಗೆದು, "ಒಬ್ಬೊಬ್ಬರಾಗಿ ಬನ್ನಿ, ಟೈಟಲ್ ಸಮೇತ ಹೇಳಿ" ಎಂದ. ನಮ್ಮವರು ನೂಕಾಡಿಕೊಂಡು ಹೋದರು. ಹೆಸರು ಬರೆದಾದ ಮೇಲೆ ಕ್ಯಾಪ್ಟನ್ ಆ ಕಾಗದವನ್ನು ಗಡಿಬಿಡಿಯಲ್ಲಿ ಓದಿದ. ಮೊದಲನೆಯ ಪಕ್ಷದವರು, ಎರಡನೆಯ ಪಕ್ಷದವರು, ಸದರಿ ಭೂಮಿ, ಸದರಿ ಫಸಲು. ಭೂಮಿ ಎಂದದ್ದು ಕೇಳಿಸಿತು, ಫಸಲು ಎಂದದ್ದು ಕೇಳಿಸಿತು, ನಡುವೆ ತಮ್ಮ ತಮ್ಮ ಟೈಟಲ್ ಕೇಳಿಸಿತು. ಇನ್ನೇನು ಬೇಕು? ಪ್ರತಿಯೊಬ್ಬರೂ ಸಹಿಗೆ ಬದಲು ಲೇಖನಿಯನ್ನು ಮುಟ್ಟಿದರು, ಗುಮಾಸ್ತ ಅವರ ಹೆಸರಿನ ಎದುರಿಗೆ ಗೀಟು ಎಳೆದ. ಬೈನಾ ಮುಟ್ಟಿದ ಬೆರಳಿಗೆ ಮುತ್ತಿಟ್ಟುಕೊಂಡಳು.

ನಿಜ ತಿಳಿದದ್ದು ಜನವರಿಯಲ್ಲಿ. ಲಾಕ್‌ವುಡ್ ಧಣಿ ದೊಡ್ಡ ಮನೆಗೆ ಸಾಮಾನು ಸಮೇತ ಬಂದಿಳಿದ. ಮರುದಿನ ಟಕರ್ ಎಂಬ ಹೊಸ ಮೇಸ್ತ್ರಿ ಗುಡಿಸಲು ಸಾಲಿಗೆ ಬಂದು ಗಂಟೆ ಬಾರಿಸಿದ. ಎಲ್ಲರೂ ಹತ್ತಿ ಹಾಕಬೇಕು, ಮೇಸ್ತ್ರಿ ಹೇಳಿದ ಹೊತ್ತಿಗೆ ಬರಬೇಕು, ಹಾಜರಿ ಕೂಗಿದಾಗ ಓ ಎನ್ನಬೇಕು, ಎನ್ನದವರು ದ್ವೀಪ ಬಿಡಬೇಕು. ಹೀಗೆಂದು ನೀವೇ ಒಪ್ಪಿ ಗೀಟು ಹಾಕಿದ್ದೀರಿ ಎಂದ. ನಮ್ಮವರು ನಂಬದೆ ಆ ಶಾಲೆಯ ಹೆಂಗಸಿನ ಹತ್ತಿರ ಓಡಿದರು. ಆಕೆ ಧಣಿಯ ಮನೆಗೆ ಹೋಗಿ ಕಾಗದ ಓದಿಕೊಂಡು ಬಂದು, ಬಾಗಿಲಲ್ಲೇ ನಿಂತು ತಲೆ ಅಲ್ಲಾಡಿಸಿದಳು. ಅದು ನೆಲದ ಪತ್ರವಲ್ಲ, ಕೂಲಿ ಕರಾರು. ಕ್ಯಾಪ್ಟನ್ ಕೇಳಿದ ಟೈಟಲ್ ಬೇರೆ, ಇವರು ಕೊಟ್ಟ ಟೈಟಲ್ ಬೇರೆ ಎಂದು ಆಕೆಯೇ ಬಿಡಿಸಿ ಹೇಳಿದ್ದು.

ಆಮೇಲೆ ಹೇಗರ್ ತಿರುಗಿ ಬೈನಾಳನ್ನು ನೋಡಿದಳು. "ಮೊದ್ಲು ಎಬ್ಬಿಸಿದ್ದು ನಿನ್ನ ಗಂಡನ್ನ ನೀನೇ ಅಲ್ವೇನೇ? ನಿನ್ನ ನೋಡ್ಕೊಂಡೇ ನಾವೆಲ್ಲಾ ಎದ್ದಿದ್ದು."

ಬೈನಾ ಲೇಖನಿ ಮುಟ್ಟಿದ ಆ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. ಹೇಗರ್ ಅಂದದ್ದು ಸುಳ್ಳಾಗಿರಲಿಲ್ಲ.

ಆ ಮೊದಲ ಹಾಜರಿಯ ಬೆಳಿಗ್ಗೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಧಣಿ ಕುದುರೆಯ ಮೇಲೆ ಕೂತಿದ್ದ. ಮೇಸ್ತ್ರಿ ಬೆರಳಿಟ್ಟು ಕೂಗುತ್ತ ಬಂದ. ಮೊದಲಾಗಿದ್ದರೆ ಹೇಗರ್, ಮಿಂಡಾ ಎಂದಷ್ಟೇ ಕೂಗುತ್ತಿದ್ದರು. ಈಗ "ಹೇಗರ್ ಬ್ಲೇಕ್! ಮಿಂಡಾ ಸಿಮನ್ಸ್!" ಅಜ್ಜ ಮುತ್ತಜ್ಜಂದಿರು ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ್ದೆಲ್ಲ ಮೇಸ್ತ್ರಿಯ ಬಾಯಲ್ಲಿ ತಂಬಾಕಿನ ಜೊತೆ ಹೊರಳುತ್ತಿತ್ತು. "ಕ್ವಾಶ್ ಟೂಮರ್!" ಎಂದ. ಕ್ವಾಶ್ ಅಲ್ಲೇ ಮುಂದಿನ ಸಾಲಿನಲ್ಲಿದ್ದ. ಮಾತಾಡಲಿಲ್ಲ. ಮೇಸ್ತ್ರಿ ಮತ್ತೆ ಕೂಗಿದ. ಧಣಿ ಕುದುರೆಯ ಮೇಲಿಂದ ಬಗ್ಗಿ, "ಏನಪ್ಪಾ ಟೂಮರ್, ನಿನ್ನ ಟೈಟಲ್ ನಿನಗೇ ಮರೆತುಹೋಯ್ತಾ?" ಎಂದು ನಕ್ಕ.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಧಣಿ" ಎಂದ ಕ್ವಾಶ್.

ಕೆಲಸ ಮಾತ್ರ ಮಾಡಿದ. ಮರುದಿನವೂ ಓ ಎನ್ನಲಿಲ್ಲ, ಅದರ ಮರುದಿನವೂ ಇಲ್ಲ. ವಾರದ ಕೊನೆಗೆ ಮೇಸ್ತ್ರಿ, ಸೋಮವಾರ ಓ ಎನ್ನದಿದ್ದರೆ ಗುಡಿಸಲು ಖಾಲಿ ಮಾಡು ಎಂದು ಹೇಳಿಹೋದ. ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಬಾಗಿಲ ಮುಂದೆ ಕೂತಿದ್ದರು. ಮಡಕೆಯಲ್ಲಿ ಕಡಲ ಸಿಂಪಿ ಬೆಂದಿತ್ತು, ಇಬ್ಬರೂ ಮುಟ್ಟಲಿಲ್ಲ.

"ಒಂದು ಸಲ ಓ ಅನ್ನಯ್ಯಾ. ಹಲ್ಲು ಕಚ್ಕೊಂಡು ಅನ್ನು. ನಾನು ಅಂತಿಲ್ವಾ?"

"ನಿಂಗೆ ಅದು ಮದುವೆಯಾದ ಮೇಲೆ ಬಂದಿದ್ದು."

ಈ ಮಾತು ಬೈನಾಳಿಗೆ ನಾಟಿತು. "ಹೌದು. ನಂಗೆ ಅದು ಮದುವೆಯಾದ ಮೇಲೆ ಬಂದಿದ್ದು, ಮಗ ಹೊಟ್ಟೇಲಿ ಬಂದಿದ್ದು. ನಿಂಗೆ ಯಾವ್ದು ದೊಡ್ಡದು?"

ಕ್ವಾಶ್ ನೆಲ ಕೆರೆಯುತ್ತ ಹೇಳಿದ. "ಅವರು ಬೆನ್ನಿಗೆ ಹೊಡೆದ್ರು, ತಡ್ಕೊಂಡೆ. ಮಗನ್ನ ಕೊಟ್ಟುಬಿಟ್ರು, ಅದನ್ನೂ ತಡ್ಕೊಂಡೆ, ನಾಚಿಕೆಗೆಟ್ಟೋನ ಹಂಗೆ ಬದುಕ್ದೆ. ಯಾಕೆ ಗೊತ್ತಾ? ಅವರ ಕೈಗೆ ಸಿಗದೇ ಇರೋದು ಒಂದು ನನ್ನ ಹತ್ರ ಇತ್ತು. ಅದನ್ನ ನಿನ್ನ ಮಾತು ಕೇಳಿ ಕೊಟ್ಟೆ. ಈಗ ದಿನಾ ಬೆಳಿಗ್ಗೆ ಅವನು ಅದನ್ನ ಕೂಗಿದ್ರೆ ನಾನು ನಾಯಿ ಹಂಗೆ ಓಡ್ಬೇಕಾ? ಆಗಲ್ಲ ಕಣೇ ಬೈನಾ. ನೀನೂ ಬಾ, ಹೋಗೋಣ. ಆಚೆ ದಡದಾಗೆ ಮರ ಕೊಯ್ಯೋ ಕೆಲಸ ಐತಂತೆ."

"ಜುಲೈ ಬಂದ್ರೆ?"

"ಬರಲ್ಲ."

"ಬಂದ್ರೆ?"

"ಅವನು ಬರಲ್ಲ ಕಣೇ!" ಕ್ವಾಶ್ ಕೂಗಿದ. ಹತ್ತು ವರ್ಷದಿಂದ ಅವನು ನುಂಗಿಕೊಂಡಿದ್ದ ಮಾತು ಅದು. ಆಡಿದ ಮೇಲೆ ಅವನೇ ಮುಖ ಮುಚ್ಚಿಕೊಂಡ.

ಇಬ್ಬರಲ್ಲಿ ಯಾರದು ತಪ್ಪು? ದ್ವೀಪದಲ್ಲಿ ಈ ವಿಚಾರವಾಗಿ ಬಹಳ ಕಾಲ ಜಗಳ ನಡೆಯಿತು. ಗಂಡಸರು ಕ್ವಾಶ್‌ನ ಕಡೆ, ಹೆಂಗಸರು ಬೈನಾಳ ಕಡೆ. ನನಗೆ ಇಬ್ಬರನ್ನೂ ಬಯ್ಯಲು ಮನಸ್ಸು ಬರುವುದಿಲ್ಲ. ಒಬ್ಬನಿಗೆ ಹೆಸರು, ಒಬ್ಬಳಿಗೆ ಜಾಗ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಷ್ಟು ಭಾಗ್ಯ ನಮ್ಮವರಿಗೆ ಯಾರೂ ಬರೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಕ್ವಾಶ್ ಒಂದು ಕಂಬಳಿ, ಒಂದು ಬಾಣಲೆ ಕಟ್ಟಿಕೊಂಡು ದೋಣಿ ಹತ್ತಿದ. ಬೈನಾ ಕಟ್ಟೆಯ ತನಕ ಹೋದಳು. ದೋಣಿಗೆ ಕಾಲಿಡಲಿಲ್ಲ.

ಮೊದಲು ವರ್ಷಕ್ಕೊಂದೆರಡು ಸಲ ಬಂದುಹೋಗುತ್ತಿದ್ದ, ಕತ್ತಲಲ್ಲಿ, ಕಳ್ಳನಂತೆ. ಆಮೇಲೆ ಬರಲಿಲ್ಲ. ಆಚೆ ದಡದಲ್ಲಿ ಮರದ ದಿಮ್ಮಿ ಉರುಳಿ ಒಬ್ಬ ಸತ್ತನೆಂದು ಸುದ್ದಿ ಬಂತು. ಬೈನಾ ಹೋಗಿ ಕೇಳಿದಳು. ಟೂಮರ್ ಎಂಬವರು ಯಾರೂ ನಮ್ಮಲ್ಲಿ ಇರಲಿಲ್ಲ ಎಂದರು. ಅವನು ಅಲ್ಲಿ ಬೇರೆ ಹೆಸರಿಟ್ಟುಕೊಂಡಿದ್ದನೋ ಏನೋ. ಸತ್ತವನನ್ನು ಹೂತದ್ದು ಯಾವ ಗುಂಡಿಯೆಂದು ಯಾರೂ ತೋರಿಸಲಿಲ್ಲ. ಆಕೆ ಅವತ್ತೇ ಸಂಜೆಯ ದೋಣಿಗೆ ವಾಪಸ್ಸು ಬಂದಳು, ಒಂದು ರಾತ್ರಿ ಕೂಡ ಅಲ್ಲಿ ನಿಲ್ಲಲಿಲ್ಲ. ತಾನಿಲ್ಲದ ರಾತ್ರಿಯೇ ಜುಲೈ ಬಂದುಬಿಟ್ಟರೆ ಎಂಬ ಹೆದರಿಕೆ.

ಹೀಗೆ ವರ್ಷಗಳು ಹೋದವು. ನಡುವೆ ನಮ್ಮ ಗಂಡಸರಿಗೆ ಓಟು ಬಂತು. ಎಷ್ಟೋ ಜನ ಸಭೆ ಸೇರಿ ಭಾಷಣ ಮಾಡಿದರು, ನಮ್ಮವನೊಬ್ಬ ಶಾಸನಸಭೆಗೂ ಹೋದ. ಎಪ್ಪತ್ತೇಳರಲ್ಲಿ ಉತ್ತರದವರು ಯಾವುದೋ ಚುನಾವಣೆಯ ಚೌಕಾಶಿಯಲ್ಲಿ ನಮ್ಮಿಂದ ಕೈ ತೊಳೆದುಕೊಂಡು, ನಮ್ಮ ಕಾವಲಿಗಿದ್ದ ಸಿಪಾಯಿಗಳನ್ನು ವಾಪಸ್ಸು ಕರೆಸಿಕೊಂಡರು. ಓಟು ಹಾಕಲು ಹೋದವರ ತಲೆ ಒಡೆಯಿತು. ಇದೂ ಒಂದು ತಿರುವು. ಬೈನಾಳಿಗೆ ಇವು ಯಾವುವೂ ತಾಗಲಿಲ್ಲ ಎಂದರೂ ನಡೆದೀತು. ಆಕೆಯನ್ನು ಮುಗಿಸುವ ಕೆಲಸ ಆ ಚರ್ಚಿನಲ್ಲೇ ಮುಗಿದಿತ್ತು. ದಿನಾ ಬೆಳಿಗ್ಗೆ ಹಾಜರಿಗೆ ಓ ಎಂದು ಹತ್ತಿ ಸಾಲಿಗೆ ಇಳಿಯುತ್ತಿದ್ದಳು, ಸಂಜೆ ಗಾಳಿ ಹೊಡೆಯುವ ಒಲೆಯಲ್ಲಿ ಗಂಜಿ ಬೇಯಿಸಿಕೊಳ್ಳುತ್ತಿದ್ದಳು.

ಸಿಪಾಯಿಗಳು ಹೋದ ಮರುವರ್ಷ ಬೇಸಿಗೆ. ಅವತ್ತು ಶನಿವಾರ, ಮಧ್ಯಾಹ್ನದ ಮೇಲೆ ಕೆಲಸವಿಲ್ಲ. ನೀರು ಇಳಿದಿತ್ತು. ಬೈನಾ, ಹೇಗರ್, ಮಿಂಡಾ, ಉಳಿದ ಹೆಂಗಸರು, ಮಕ್ಕಳು ಎಲ್ಲ ದ್ವೀಪದ ಆಚೆ ಬದಿಯ ಕೆಸರಿನಲ್ಲಿ ಸಿಂಪಿ ಆಯಲು ಹೋಗಿದ್ದರು. ಗಂಡಸರು ಮೀನಿಗೆ ಹೋಗಿದ್ದರು. ಸಾಲಿನ ಹತ್ತಿರ ಇದ್ದವನು ಮೇಸ್ತ್ರಿ ಟಕರ್ ಒಬ್ಬನೇ. ಹೊತ್ತು ಮುಳುಗುವಾಗ ಬುಟ್ಟಿ ಹೊತ್ತು ಬಂದವರಿಗೆ ಅವನೇ, ಹೀಗೇ ಮಾತಿಗೆ ಎಂಬಂತೆ ಹೇಳಿದ.

"ಮಧ್ಯಾಹ್ನ ಯಾರೋ ಒಬ್ಬ ಬಂದಿದ್ದ ಕಣ್ರಮ್ಮಾ. ಅಲಬಾಮದಿಂದ ನಡ್ಕೊಂಡು ಬಂದಿದೀನಿ ಅಂದ. ಚಿಕ್ಕೋನಿದ್ದಾಗ ಇಲ್ಲಿಂದಲೋ, ಇಂಥ ಯಾವ್ದೋ ದ್ವೀಪದಿಂದಲೋ ಒಯ್ದಿದ್ರಂತೆ. ಅವ್ವನ್ನ ಹುಡುಕ್ತಿದೀನಿ ಅಂದ."

ಮೂರು ಬುಟ್ಟಿ ಒಟ್ಟಿಗೆ ನೆಲಕ್ಕೆ ಬಿದ್ದವು.

"ಎಲ್ಲಿ?" ಎಂದಳು ಬೈನಾ. "ಎಲ್ಲವ್ನೆ?"

"ಹೋದ. ನಾಲ್ಕು ಗಂಟೆ ದೋಣಿಗೆ."

"ಯಾಕೆ ಕಳಿಸ್ದೆ?"

"ನಾನೇನು ಮಾಡ್ಲಿ? ನಿನ್ನವ್ವನ ಹೆಸರೇನು ಅಂದೆ, ಅವ್ವ ಅಂತಷ್ಟೇ ಕರೀತಿದ್ದೆ ಅಂದ. ನಿನ್ನ ಹೆಸರೇನಿತ್ತು ಇಲ್ಲಿ ಅಂದೆ, ಗೊತ್ತಿಲ್ಲ, ಅಲ್ಲಿ ಸ್ಯಾಮ್ ಅಂತ ಕರೆದ್ರು ಅಂದ. ಸರಿ, ಟೈಟಲ್ ಆದ್ರೂ ಹೇಳಪ್ಪಾ, ಹಾಜರೀಲಿ ಎಲ್ಲರದ್ದೂ ಐತೆ, ನೋಡಿ ಹೇಳ್ತೀನಿ ಅಂದೆ. ಅಲಬಾಮದ ಯಾವನೋ ಧಣೀದು ಹೇಳ್ದ. ಆ ಟೈಟಲ್‌ನೋರು ಇಲ್ಲಿ ಒಬ್ಬರೂ ಇಲ್ಲ. ಇಲ್ಲಪ್ಪಾ ಅಂದೆ. ಮುಂದಿನ ದ್ವೀಪದಾಗೆ ಕೇಳ್ತೀನಿ ಅಂತ ಹೋದ."

ಬೈನಾ ಕೆಸರುಗಾಲಿನಲ್ಲೇ ದೋಣಿಕಟ್ಟೆಗೆ ಓಡಿದಳು. ಐವತ್ತು ದಾಟಿದ ಹೆಂಗಸು, ಎರಡು ಸಲ ಬಿದ್ದು ಎದ್ದು ಓಡಿದಳು. ಅಲ್ಲಿ ನೀರಿತ್ತು ಅಷ್ಟೆ. ಹೇಗರ್, ಮಿಂಡಾ ಇಬ್ಬರೂ ಏದುಸಿರು ಬಿಡುತ್ತ ಹಿಂದೆಯೇ ಬಂದರು, ಅವರ ಹಿಂದೆ ಮೇಸ್ತ್ರಿ.

"ಹೆಂಗಿದ್ದ? ನೋಡೋಕೆ ಹೆಂಗಿದ್ದ?" ಎಂದಳು ಹೇಗರ್.

"ಹೆಂಗಿದ್ದ ಅಂದ್ರೆ? ಕರ್ರಗಿದ್ದ. ಎತ್ತರ ಇದ್ದ."

"ಎತ್ತರ ಅಂದ್ರೆ ನನ್ನೋನೇ! ನಮ್ಮಪ್ಪ ಎತ್ತರ, ನಮ್ಮಣ್ಣ ಎತ್ತರ."

"ಬಾಯಿ ಮುಚ್ಚೇ. ನನ್ನ ಗಂಡ ಬಾಗಿಲಿಗೆ ತಲೆ ತಾಗಿಸ್ಕೊತಿದ್ದ, ಮರೆತ್ಯಾ?" ಎಂದಳು ಮಿಂಡಾ. "ಅಲಬಾಮದಿಂದ ನಡ್ಕೊಂಡು ಬರೋ ಹಟ ನಮ್ಮ ಪೈಕಿಯೋರ್ಗೇ ಇರೋದು. ಅವನು ನನ್ನ ಮಗ."

"ನಿನ್ನ ಮಗನ್ಗೆ ನಡೆಯೋಕೇ ಬರ್ತಿರ್ಲಿಲ್ಲ ಒಯ್ದಾಗ!" ಎಂದಳು ಹೇಗರ್.

"ನನ್ನ ಜುಲೈ ಅವನು" ಎಂದಳು ಬೈನಾ. "ನಾನು ಇಲ್ಲೇ ಇದ್ದೆ. ಗಂಡನ್ನ ಬಿಟ್ಟು ಇಲ್ಲೇ ಇದ್ದೆ. ನೀವೇನು ಬಿಟ್ರಿ? ಅವನು ನನ್ನೋನು."

"ನಿನ್ನಿಂದಾನೇ ಅಲ್ವೇನೇ ಈ ಟೈಟಲ್ಲೆಲ್ಲಾ ಹಾಜರಿಗೆ ಹೋಗಿದ್ದು!" ಎಂದು ಕಿರುಚಿದಳು ಹೇಗರ್. "ಅದಿಲ್ದಿದ್ರೆ ಈ ಮುಂಡೇದು ಯಾಕೆ ಟೈಟಲ್ ಕೇಳ್ತಿತ್ತು? ಕೂತ್ಕೋ, ಅವ್ವಂದಿರು ಬರ್ತಾರೆ ಅಂತಿತ್ತು!"

ಬೈನಾ ಹೋಗಿ ಅವಳ ತಲೆವಸ್ತ್ರಕ್ಕೆ ಕೈ ಹಾಕಿದಳು. ಮಿಂಡಾ ಬಿಡಿಸಲು ಬಂದವಳು ತಾನೂ ಹೊಡೆಯತೊಡಗಿದಳು. ನಲವತ್ತು ವರ್ಷ ಒಂದೇ ಸಾಲಿನಲ್ಲಿ ಗಂಜಿ ಕುಡಿದವರು, ಒಂದೇ ಕಣಜದಲ್ಲಿ ಕೂತು ಅತ್ತವರು, ಕಟ್ಟೆಯ ಮೇಲೆ ಕೂದಲು ಹಿಡಿದು ಹೊರಳಾಡಿದರು. ಅವನ ಮುಖವನ್ನು ಮೂವರಲ್ಲಿ ಯಾರೂ ನೋಡಿರಲಿಲ್ಲ. ಮೀನಿನಿಂದ ಬಂದ ಗಂಡಸರು ಅವರನ್ನು ಬಿಡಿಸಿದರು. ಇಬ್ಬರು ಗಂಡಸರು ರಾತ್ರಿಯೇ ದೋಣಿ ಹಾಕಿಕೊಂಡು ಹೋಗಿ ಮುಂದಿನ ದ್ವೀಪದಲ್ಲಿ ಕೇಳಿದರು, ಅದರಾಚೆಯ ದ್ವೀಪದಲ್ಲೂ ಕೇಳಿದರು. ಅಲ್ಲಿಯೂ ಅವನು ಬಂದಿದ್ದ, ಅಲ್ಲಿಯೂ ಟೈಟಲ್ ಕೇಳಿದ್ದರು. ಆಮೇಲೆ ದೊಡ್ಡ ದಡದ ದೋಣಿ ಹತ್ತಿದನಂತೆ.

ಅವರು ಬರಿಗೈಯಲ್ಲಿ ವಾಪಸ್ಸು ಬಂದಾಗ ಮೂವರು ಹೆಂಗಸರೂ ಕಟ್ಟೆಯಲ್ಲೇ ದೂರ ದೂರ ಕೂತಿದ್ದರು. ಮೇಸ್ತ್ರಿ ಟಕರ್‌ಗೂ ಏನೋ 'ಅಯ್ಯೋ' ಅನ್ನಿಸಿರಬೇಕು. ತಲೆ ಕೆರೆದುಕೊಂಡು, "ಅವನೇನಾದ್ರೂ ಮತ್ತೆ ಬಂದ್ರೆ ನಿಲ್ಲಿಸ್ತೀನಿ ಕಣ್ರಮ್ಮಾ. ಯಾರ ಮನೆ ತೋರಿಸ್ಲಿ ಹೇಳಿ" ಎಂದ.

ಹೇಗರ್ ಮಿಂಡಾಳ ಕಡೆ ನೋಡಿದಳು. ಮಿಂಡಾ ಮುಖ ಆಚೆ ತಿರುಗಿಸಿದಳು. ಬೈನಾ ನೀರನ್ನೇ ನೋಡುತ್ತಿದ್ದಳು.

"ಮನೆ ತೋರಿಸ್ಬೇಡ. ಟೈಟಲ್ಲೂ ಕೇಳ್ಬೇಡ" ಎಂದಳು. "ನಿನ್ನವ್ವ ಇಲ್ಲೇ ಅವ್ಳೆ, ಕೂತ್ಕೋ ಅನ್ನು. ಅಷ್ಟೇ ಅನ್ನು. ಆಮೇಲೆ ನಾವು ಮೂರೂ ಜನ ಬರ್ತೀವಿ."

ಮೇಸ್ತ್ರಿ ಹಾಗೇ ಆಗಲಿ ಎಂದ. ಅವನು ಸಾಯುವ ತನಕ ಆ ಕಟ್ಟೆಯಲ್ಲಿ ಇಳಿದ ಯಾವ ಅಪರಿಚಿತನಿಗೂ ಟೈಟಲ್ ಕೇಳಲಿಲ್ಲ, ಕೂತ್ಕೋ ಎಂದೇ ಹೇಳಿದ. ಇಳಿದವರೆಲ್ಲ ಹತ್ತಿ ಕೊಳ್ಳುವವರು.